ಎಂಜಿನ್ನು ಇಳಿಸುವ ಮೊದಲು ಆ ಪುಟ್ಟ ಕವಾಟವನ್ನು ನೋಡಿರಿ



ಗೊಬ್ಬರದ ಬಿಲ್ಲಿಗೋ ಸಾಲದ ಕಂತಿಗೋ ಸಂಘದ ಕಛೇರಿಗೆ ಬರುವ ಬೆಳೆಗಾರರು ಈಗೀಗ ಕಾಫಿ, ಅಡಿಕೆಯ ಧಾರಣೆಯಷ್ಟೇ ಗಾಡಿಯ ರಿಪೇರಿಯ ಮಾತನ್ನೂ ಆಡುತ್ತಾರೆ. ಮಾತು ಬಹುಮಟ್ಟಿಗೆ ಒಂದೇ ಬಗೆಯದು. ಎಂಜಿನ್ನಿನಿಂದ ಆಯಿಲ್ ಜಿನುಗುತ್ತಿದೆ, ನಿಂತಲ್ಲಿ ಗಾಡಿ ನಡುಗುತ್ತಿದೆ, ವರ್ಕ್‌ಷಾಪಿನವರು ಎಂಜಿನ್ನು ಇಳಿಸಿ ರಿಂಗು ಹಾಕಬೇಕೆಂದಿದ್ದಾರೆ, ಏನು ಮಾಡುವುದು ಎಂಬುದು. ಇಳಿಸಲೇಬೇಕಾದ ಎಂಜಿನ್ನುಗಳು ಇಲ್ಲವೆಂದಲ್ಲ. ಆದರೆ ಆ ಖರ್ಚಿಗೆ ಒಪ್ಪುವ ಮೊದಲು ಅರ್ಧ ಗಂಟೆಯ ಕೆಲಸವೊಂದಿದೆ. ಪೆಟ್ರೋಲ್ ಎಂಜಿನ್ನಿನ ಕ್ರ್ಯಾಂಕ್‌ಕೇಸಿಗೆ ಉಸಿರಾಡಲು ಕೊಟ್ಟಿರುವ ಕವಾಟವನ್ನು ಹುಡುಕಿ ಪರೀಕ್ಷಿಸುವುದೇ ಆ ಕೆಲಸ. ಬಿಡಿಭಾಗದ ಅಂಗಡಿಯಲ್ಲಿ ಇದನ್ನು ಪಿ.ಸಿ.ವಿ. ವಾಲ್ವು ಎಂದು ಕೇಳಬೇಕು. ಗಾತ್ರದಲ್ಲಿ ಹೆಬ್ಬೆರಳಿನಷ್ಟು. ಹಳೆಯ ಮಾರುತಿ ಗಾಡಿಗಳಿಗೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಸಾಮಾನು.

ಇದರ ಅಗತ್ಯವೇನೆಂಬುದನ್ನು ಮೊದಲು ತಿಳಿಯೋಣ. ಸಿಲಿಂಡರಿನಲ್ಲಿ ಪೆಟ್ರೋಲು ಉರಿದಾಗ ಹುಟ್ಟುವ ಒತ್ತಡವನ್ನು ಪಿಸ್ಟನ್ನಿನ ಸುತ್ತ ಇರುವ ರಿಂಗುಗಳು ತಡೆದು ಹಿಡಿಯುತ್ತವೆ. ಹೊಚ್ಚ ಹೊಸ ಎಂಜಿನ್ನಿನಲ್ಲಿಯೂ ಈ ತಡೆ ಸಂಪೂರ್ಣವಲ್ಲ. ಸ್ವಲ್ಪ ಅನಿಲ ರಿಂಗುಗಳ ಸಂದಿನಿಂದ ಕೆಳಕ್ಕೆ, ಆಯಿಲ್ ನಿಂತಿರುವ ಕ್ರ್ಯಾಂಕ್‌ಕೇಸಿನ ಪೆಟ್ಟಿಗೆಗೆ, ನುಸುಳಿಯೇ ನುಸುಳುತ್ತದೆ. ಅದರಲ್ಲಿ ಉರಿಯದ ಪೆಟ್ರೋಲಿನ ಆವಿ, ಆಮ್ಲೀಯ ಅನಿಲಗಳು, ಇಂಗಾಲದ ಮಾನಾಕ್ಸೈಡ್, ಜೊತೆಗೆ ನೀರಾವಿ ಇರುತ್ತವೆ. ನೀರು ಎಲ್ಲಿಂದ ಬಂತೆಂದು ಕೇಳಬಹುದು. ಒಂದು ಲೀಟರ್ ಪೆಟ್ರೋಲು ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್‌ನಷ್ಟೇ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಲ್ಲಿ ಆವಿಯಾಗಿ ಹೋಗುತ್ತದೆ. ನುಸುಳಿದ ಪಾಲು ಮಾತ್ರ ಆಯಿಲಿನ ಸಂಗಡ ಉಳಿಯುತ್ತದೆ.

ಈ ಅನಿಲಕ್ಕೆ ಹೊರದಾರಿ ಬೇಕು. ದಾರಿ ಕಟ್ಟಿದರೆ ಏನಾಗುವುದೆಂಬುದನ್ನು ಗೋಬರ್ ಗ್ಯಾಸ್ ಇಟ್ಟುಕೊಂಡವರಿಗೆ ಹೇಳಬೇಕಾಗಿಲ್ಲ. ಗ್ಯಾಸಿನ ಪೈಪು ಮುಚ್ಚಿದ ತೊಟ್ಟಿಯಲ್ಲಿ ಸಗಣಿ ನೀರು ಬಾಯಿಯ ಕಡೆಗೆ ಉಕ್ಕಿ ಬರುತ್ತದೆ. ಎಂಜಿನ್ನಿನಲ್ಲಿ ಉಕ್ಕುವುದು ಆಯಿಲ್. ಮೇಲಿನ ಮುಚ್ಚಳದ ಗ್ಯಾಸ್ಕೆಟ್ಟಿನ ಸಂದಿನಿಂದ, ಕ್ರ್ಯಾಂಕ್ ಷಾಫ್ಟಿನ ಹಿಂದುಮುಂದಿನ ಸೀಲುಗಳಿಂದ, ಎಲ್ಲಿ ಬಲ ಕಡಿಮೆಯೋ ಅಲ್ಲಿಂದ ಅದು ಹೊರಬರುತ್ತದೆ. ಒಮ್ಮೊಮ್ಮೆ ಆಯಿಲ್ ಅಳೆಯುವ ಕಡ್ಡಿಯೇ ತನ್ನ ಗೂಡಿನಿಂದ ಮೇಲೆದ್ದು ನಿಂತಿರುವುದುಂಟು.

ಹಿಂದಿನ ಕಾಲದ ಕಾರುಗಳಲ್ಲಿ ಇದಕ್ಕೆ ಬರಿಯ ಒಂದು ಕೊಳವೆ ಇರುತ್ತಿತ್ತು. ಕ್ರ್ಯಾಂಕ್‌ಕೇಸಿನಿಂದ ಹೊರಟು ನೆಲದ ಕಡೆಗೆ ಬಾಗಿದ ಆ ಕೊಳವೆಯ ಬಾಯಿಯಲ್ಲಿ, ಗಾಡಿ ಓಡುವಾಗ ಬೀಸುವ ಗಾಳಿ ಅನಿಲವನ್ನು ಸೆಳೆದು ರಸ್ತೆಗೆ ಚೆಲ್ಲುತ್ತಿತ್ತು. ಗಾಡಿ ನಿಂತಾಗ ಸೆಳೆತವೂ ಇಲ್ಲ. ಹೊಳೆ ದಾಟುವಾಗ ಅದೇ ಕೊಳವೆಯಿಂದ ನೀರು ಒಳಸೇರುವ ಭಯ ಬೇರೆ. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಸೈನ್ಯದ ಜೀಪಿನಲ್ಲಿ ಆಗಲೇ ಈ ಕವಾಟವಿತ್ತು ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಸಾಮಾನ್ಯ ಕಾರುಗಳಿಗೆ ಇದು ಬಂದದ್ದು ಬೇರೆಯೇ ಕಾರಣಕ್ಕೆ. ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಹೊಗೆಮಂಜಿಗೆ ವಾಹನಗಳ ಉರಿಯದ ಪೆಟ್ರೋಲಿನ ಆವಿಯೂ ಮುಖ್ಯ ಕಾರಣವೆಂದು 1950ರ ದಶಕದಲ್ಲಿ ಹಾಗೆನ್ ಸ್ಮಿಟ್ ಎಂಬ ರಸಾಯನ ವಿಜ್ಞಾನಿ ತೋರಿಸಿಕೊಟ್ಟರು. ಆ ಆವಿಯಲ್ಲಿ ಸುಮಾರು ಐದನೆಯ ಒಂದು ಭಾಗ ಸೈಲೆನ್ಸರಿನಿಂದಲ್ಲ, ಈ ಕೊಳವೆಯಿಂದಲೇ ಬರುತ್ತಿತ್ತು. ಆದ್ದರಿಂದ 1961ರ ಮಾದರಿಯಿಂದ ಕ್ಯಾಲಿಫೋರ್ನಿಯದ ಹೊಸ ಕಾರುಗಳಿಗೆ, 1963ರಿಂದ ಅಮೆರಿಕದ ಉಳಿದ ಕಾರುಗಳಿಗೆ ಕವಾಟ ಬಂದಿತು. ಮೋಟಾರು ವಾಹನದ ಮಾಲಿನ್ಯ ತಡೆಯ ಉಪಕರಣಗಳಲ್ಲಿ ಇದೇ ಹಿರಿಯದು. ಮಾಲಿನ್ಯದ ಹೆಸರಿನಲ್ಲಿ ಬಂದದ್ದೆಲ್ಲ ಎಂಜಿನ್ನಿಗೆ ಹೊರೆಯೆಂದು ಹೇಳುವ ಡ್ರೈವರುಗಳಿದ್ದಾರೆ. ಇದು ಮಾತ್ರ ಎಂಜಿನ್ನಿನ ಆಯುಸ್ಸನ್ನು ಹೆಚ್ಚಿಸಿದ ಉಪಕರಣ.

ಈಗ ಅದರ ಕೆಲಸ. ಪೆಟ್ರೋಲ್ ಎಂಜಿನ್ನು ಗಾಳಿಯನ್ನು ಒಳಗೆಳೆದುಕೊಳ್ಳುವ ದಾರಿಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಎನ್ನುತ್ತಾರೆ. ಆಕ್ಸಿಲರೇಟರ್ ಬಿಟ್ಟಿರುವಾಗ ಅಲ್ಲಿ ಬಲವಾದ ಸೆಳೆತವಿರುತ್ತದೆ. ಕ್ರ್ಯಾಂಕ್‌ಕೇಸಿನಿಂದ ಒಂದು ಹೋಸನ್ನು ಅಲ್ಲಿಗೆ ಜೋಡಿಸಿದರೆ ನುಸುಳಿದ ಅನಿಲವೆಲ್ಲ ಮತ್ತೆ ಎಂಜಿನ್ನಿಗೇ ಹೋಗಿ ಉರಿಯುತ್ತದೆ. ಇನ್ನೊಂದು ಹೋಸು ಏರ್ ಫಿಲ್ಟರಿನ ಕಡೆಯಿಂದ ಸೋಸಿದ ಗಾಳಿಯನ್ನು ಕ್ರ್ಯಾಂಕ್‌ಕೇಸಿಗೆ ತರುತ್ತದೆ. ಹೀಗೆ ಒಂದು ಕಡೆಯಿಂದ ಶುದ್ಧ ಗಾಳಿ ಬಂದು, ಒಳಗಿನ ಕೊಳೆಯನ್ನೂ ತೇವವನ್ನೂ ಹೊತ್ತು, ಇನ್ನೊಂದು ಕಡೆಯಿಂದ ಹೊರಡುತ್ತದೆ. ಆದರೆ ಸೆಳೆತ ಸದಾ ಒಂದೇ ಸಮನಾಗಿಲ್ಲ. ಗಾಡಿ ನಿಂತು ಎಂಜಿನ್ನು ಮೆಲ್ಲನೆ ಓಡುವಾಗ ಸೆಳೆತ ಹೆಚ್ಚು, ನುಸುಳುವ ಅನಿಲ ಕಡಿಮೆ. ಏರು ಹತ್ತುವಾಗ ಅನಿಲ ಹೆಚ್ಚು, ಸೆಳೆತ ಕಡಿಮೆ. ಈ ವ್ಯತ್ಯಾಸವನ್ನು ಸರಿತೂಗಿಸುವುದೇ ಕವಾಟದ ಕೆಲಸ. ಪಂಪಿನ ಫುಟ್‌ವಾಲ್ವನ್ನು ಬಲ್ಲವರಿಗೆ ಇದರ ರಚನೆ ಕಷ್ಟವಲ್ಲ. ಒಳಗೆ ಒಂದು ಸಣ್ಣ ಸೂಜಿಯಂಥ ಬಿರಡೆ, ಅದರ ಬೆನ್ನಿಗೆ ಸ್ಪ್ರಿಂಗು. ಬಲವಾದ ಸೆಳೆತ ಬಿರಡೆಯನ್ನು ಮುಂದಕ್ಕೆಳೆದು ದಾರಿಯನ್ನು ಕಿರಿದು ಮಾಡುತ್ತದೆ. ಸೆಳೆತ ತಗ್ಗಿದಾಗ ಸ್ಪ್ರಿಂಗು ಅದನ್ನು ಹಿಂದೆ ತಳ್ಳಿ ದಾರಿ ಅಗಲವಾಗುತ್ತದೆ. ಎಂಜಿನ್ನು ನಿಂತಾಗ ಅಥವಾ ಮ್ಯಾನಿಫೋಲ್ಡಿನಲ್ಲಿ ಬೆಂಕಿ ಹಿಮ್ಮೆಟ್ಟಿ ಸಿಡಿದಾಗ ಬಿರಡೆ ಪೂರ್ತಿ ಕೂತು ಬಾಗಿಲು ಹಾಕುತ್ತದೆ. ಉರಿ ಕ್ರ್ಯಾಂಕ್‌ಕೇಸಿನ ಆವಿಗೆ ತಗುಲಬಾರದಷ್ಟೆ.

ನಮ್ಮ ತೋಟದ ಗಾಡಿಗಳಲ್ಲಿ ಈ ಕವಾಟ ಬೇಗ ಕಟ್ಟಿಕೊಳ್ಳಲು ಕಾರಣವಿದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವ ಗಾಡಿಯ ಎಂಜಿನ್ನು ಚೆನ್ನಾಗಿ ಕಾದು, ಆಯಿಲಿನಲ್ಲಿ ಸೇರಿದ ನೀರು ಆವಿಯಾಗಿ ಹೋಗುತ್ತದೆ. ನಮ್ಮವು ಮನೆಯಿಂದ ಕಣಕ್ಕೆ, ಕಣದಿಂದ ಪಲ್ಪರಿಗೆ, ಹೆಚ್ಚೆಂದರೆ ಸೊಸೈಟಿಗೆ. ಎಂಜಿನ್ನು ಪೂರ್ತಿ ಕಾಯುವ ಮೊದಲೇ ನಿಲ್ಲಿಸುವುದು, ಅರ್ಧ ಗಂಟೆ ಬಿಟ್ಟು ಮತ್ತೆ ಚಾಲೂ ಮಾಡುವುದು. ಆಷಾಢದ ಮಳೆಯಲ್ಲಿ ಶೆಡ್ಡಿನಲ್ಲಿ ನಿಂತ ಗಾಡಿ ವಾರಕ್ಕೊಮ್ಮೆ ಸಂತೆಗೆ ಹೋದರೆ ಅದೇ ಹೆಚ್ಚು. ನೀರು ಆಯಿಲಿನೊಡನೆ ಕಡೆದು ಮಜ್ಜಿಗೆಯ ಬಣ್ಣದ ಜಿಡ್ಡಾಗುತ್ತದೆ, ಮುಂದೆ ಅದು ಕಪ್ಪು ಕೆಸರಾಗಿ ಕವಾಟವನ್ನೂ ಹೋಸನ್ನೂ ತುಂಬುತ್ತದೆ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಒಳಬದಿಯನ್ನು ನೋಡಿರಿ. ಅಲ್ಲಿ ಬೆಣ್ಣೆಯಂತಹದು ಅಂಟಿದ್ದರೆ ಗಾಬರಿ ಬೇಡ. ಅಳತೆಯ ಕಡ್ಡಿಯಲ್ಲಿರುವ ಆಯಿಲೂ ಹಾಲುಹಾಲಾಗಿದ್ದು, ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಆಗ ಹೆಡ್ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು. ಮುಚ್ಚಳದಲ್ಲಿ ಮಾತ್ರವಿದ್ದು ಕಡ್ಡಿ ಶುದ್ಧವಾಗಿದ್ದರೆ ಅದು ತೇವ ಹೊರಹೋಗುತ್ತಿಲ್ಲವೆಂಬುದರ ಗುರುತು.

ನಮ್ಮ ಸಂಘದ ಹಳೆಯ ಜಿಪ್ಸಿಯ ಕಥೆಯನ್ನು ಇಲ್ಲಿ ಹೇಳಿದರೆ ತಪ್ಪಾಗದು. ಎಂಜಿನ್ನಿನ ಹಿಂದಿನ ಸೀಲಿನಿಂದ ಆಯಿಲ್ ಸೋರಿ ಕ್ಲಚ್ಚಿಗೆ ತಗುಲಿ, ಮೂಟೆ ಹೇರಿದಾಗ ಏರಿನಲ್ಲಿ ಗಾಡಿ ಜಾರತೊಡಗಿತು. ಆ ಸೀಲು ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು. ವರ್ಕ್‌ಷಾಪಿನಲ್ಲಿ ಇಳಿಸಿ ಹೊಸ ಸೀಲು ಹಾಕಿದರು, ಕ್ಲಚ್ ಪ್ಲೇಟೂ ಹೊಸದಾಯಿತು. ರೋಬಸ್ಟಾ ಕೊಯ್ಲು ಮುಗಿಯುವ ಮೊದಲೇ ಪುನಃ ಸೋರಿಕೆ. ಮತ್ತೆ ಇಳಿಸಿದರು, ಮತ್ತೆ ಬಿಲ್ಲು. ಈ ಸಲ ಎಂಜಿನ್ನೇ ಸವೆದಿದೆಯೆಂಬ ಮಾತು ಬಂದಿತು. ಅಷ್ಟರಲ್ಲಿ ಬೇರೊಬ್ಬ ಮೆಕ್ಯಾನಿಕ್ಕು ಕವಾಟದ ಹೋಸನ್ನು ಕಳಚಿ ತೋರಿಸಿದಾಗ ಅದರೊಳಗೆ ಕಡ್ಡಿ ತೂರಿಸುವಷ್ಟೂ ಜಾಗವಿರಲಿಲ್ಲ. ಹೋಸು, ಕವಾಟ ಎರಡೂ ಹೊಸದಾದವು. ಎರಡನೆಯ ಸಲ ಹಾಕಿದ ಸೀಲು ಇಂದಿಗೂ ಹಾಗೆಯೇ ಇದೆ. ಮೊದಲ ಸೀಲಿನ ತಪ್ಪೇನೂ ಇರಲಿಲ್ಲವೆಂದೇ ನಾವು ತಿಳಿದಿದ್ದೇವೆ.

ಕವಾಟವನ್ನು ಹುಡುಕುವುದು ಹೇಗೆ? ಎಂಜಿನ್ನು ನಿಲ್ಲಿಸಿ, ಬಾನೆಟ್ಟು ಎತ್ತಿ, ಆಯಿಲ್ ಹಾಕುವ ಬಾಯಿ ಇರುವ ಮೇಲಿನ ಮುಚ್ಚಳವನ್ನು ನೋಡಿರಿ. ಅದರಿಂದ ಹೊರಡುವ ಬೆರಳು ದಪ್ಪದ ರಬ್ಬರ್ ಹೋಸುಗಳು ಸಾಮಾನ್ಯವಾಗಿ ಎರಡು. ಒಂದು ಏರ್ ಫಿಲ್ಟರಿನ ಡಬ್ಬಿಗೋ ಅದರಿಂದ ಬರುವ ದೊಡ್ಡ ಗಾಳಿಕೊಳವೆಗೋ ಸೇರುತ್ತದೆ. ಅದು ಶುದ್ಧ ಗಾಳಿಯ ಹೋಸು, ಅದರಲ್ಲಿ ಕವಾಟವಿರುವುದಿಲ್ಲ. ಇನ್ನೊಂದು ಮ್ಯಾನಿಫೋಲ್ಡಿಗೆ ಹೋಗುತ್ತದೆ. ಅದನ್ನು ಕೈಯಿಂದ ಹಿಡಿದು ಕೊನೆಯಿಂದ ಕೊನೆಗೆ ನಡೆಯಿರಿ. ಕವಾಟ ಆ ಹೋಸಿನ ಒಂದು ತುದಿಯಲ್ಲಿ ಇದ್ದೇ ಇರುತ್ತದೆ. ಕೆಲವು ಎಂಜಿನ್ನುಗಳಲ್ಲಿ ಮೇಲಿನ ಮುಚ್ಚಳದ ರಬ್ಬರ್ ಬಳೆಯೊಳಗೆ ಒತ್ತಿ ಕೂರಿಸಿರುತ್ತಾರೆ. ಜಿಪ್ಸಿಯಂಥ ಸುಜುಕಿ ಮೂಲದ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡಿಗೇ ತಿರುಪಿ ಕೂರಿಸಿರುವುದುಂಟು. ಮೇಲಿನಿಂದ ನೋಡಿದರೆ ಕಾಣದೆ, ಬೆರಳಿನಿಂದಲೇ ತಡವಿ ಕಂಡುಹಿಡಿಯಬೇಕಾಗಬಹುದು. ಇತ್ತೀಚಿನ ಕೆಲವು ಕಾರುಗಳಲ್ಲಿ ಬೇರೆ ಕವಾಟವೇ ಇಲ್ಲ. ಪ್ಲಾಸ್ಟಿಕ್ಕಿನ ಮೇಲಿನ ಮುಚ್ಚಳದೊಳಗೆ ರಬ್ಬರಿನ ತೆಳುಪೊರೆಯೊಂದನ್ನು ಅಡಗಿಸಿ ಅದರಿಂದಲೇ ಈ ಕೆಲಸ ಮಾಡಿಸುತ್ತಾರೆ. ಅಂಥವನ್ನು ನಾವು ಬಿಚ್ಚುವ ಗೋಜಿಗೆ ಹೋಗುವುದು ಬೇಡ.

ಪರೀಕ್ಷೆಗೆ ಎಂಜಿನ್ನು ಓಡುತ್ತಿರಬೇಕಾದ್ದರಿಂದ ಎಚ್ಚರಿಕೆಯ ಮಾತು ಮೊದಲು. ಪಂಚೆಯ ಅಂಚು, ಹೆಗಲ ಟವೆಲ್ಲು, ಮಳೆಗಾಲದಲ್ಲಿ ಹೊದ್ದ ಕಂಬಳಿ, ಇವನ್ನೆಲ್ಲ ದೂರವಿಟ್ಟು ಬನ್ನಿರಿ. ಬೆಲ್ಟು ಕಾಣುತ್ತದೆ. ಆದರೆ ರೇಡಿಯೇಟರಿನ ಎಲೆಕ್ಟ್ರಿಕ್ ಫ್ಯಾನು ಹೇಳದೆ ಕೇಳದೆ ತಿರುಗತೊಡಗುತ್ತದೆ. ಗಾಡಿ ನ್ಯೂಟ್ರಲ್ಲಿನಲ್ಲಿ, ಹ್ಯಾಂಡ್ ಬ್ರೇಕು ಎಳೆದು, ಚಕ್ರಕ್ಕೆ ಕಲ್ಲಿಟ್ಟು, ಬಯಲಲ್ಲಿ ನಿಂತಿರಬೇಕು. ಬಾಗಿಲು ಹಾಕಿದ ಶೆಡ್ಡಿನೊಳಗೆ ಈ ಕೆಲಸ ಕೂಡದು.

ಮೊದಲನೆಯದು ಕಾಗದದ ಪರೀಕ್ಷೆ. ಎಂಜಿನ್ನು ಕಾದ ನಂತರ, ಆಕ್ಸಿಲರೇಟರ್ ಮುಟ್ಟದೆ, ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿಗೆ ಒಂದು ಅಗಲವಾದ ಕಾಗದವನ್ನು ಇಟ್ಟು ನೋಡಿರಿ. ಈ ಪತ್ರಿಕೆಯ ಹಾಳೆಯಾದರೂ ಸರಿ, ಓದಿ ಮುಗಿಸಿದ ಮೇಲೆ. ಸ್ವಲ್ಪ ಹೊತ್ತಿನಲ್ಲಿ ಕಾಗದ ಮೆಲ್ಲನೆ ಬಾಯಿಗೆ ಅಂಟಿಕೊಂಡರೆ ಸೆಳೆತವಿದೆ, ಕವಾಟ ಕೆಲಸ ಮಾಡುತ್ತಿದೆ. ಕಾಗದ ಹಾರಿದರೆ ಅಥವಾ ಎದ್ದೆದ್ದು ಕುಣಿದರೆ ದಾರಿ ಕಟ್ಟಿದೆ, ಇಲ್ಲವೆ ನುಸುಳುವ ಅನಿಲವೇ ಮಿತಿ ಮೀರಿದೆ. ಕೆಲವು ಎಂಜಿನ್ನುಗಳಲ್ಲಿ ಬಾಯಿಯಿಂದ ಆಯಿಲ್ ಹನಿ ಚಿಮ್ಮುವುದುಂಟು, ಅದು ದೋಷವಲ್ಲ.

ಎರಡನೆಯದು ಬೆರಳಿನ ಪರೀಕ್ಷೆ. ಕವಾಟದ ಎಂಜಿನ್ ಮುಚ್ಚಳದ ಕಡೆಯ ಸಂಪರ್ಕವನ್ನು ಬಿಡಿಸಿ, ಎಂಜಿನ್ನು ಓಡುತ್ತಿರುವಾಗಲೇ ಕವಾಟದ ಬಾಯಿಯನ್ನು ಬೆರಳಿನಿಂದ ಮುಚ್ಚಿರಿ. ಬೆರಳನ್ನು ಒಳಗೆಳೆಯುವ ಸೆಳೆತ ಸ್ಪಷ್ಟವಾಗಿ ತಿಳಿಯಬೇಕು. ಬೆರಳಿಟ್ಟು ತೆಗೆದಾಗ ಒಳಗಿನ ಬಿರಡೆ ಟಕ್ ಎನ್ನುವುದು ಕೇಳಿಸಿದರೆ ಇನ್ನೂ ಒಳ್ಳೆಯದು. ಸೆಳೆತವೇ ಇಲ್ಲವಾದರೆ ಕವಾಟವೋ ಅದರ ಮುಂದಿನ ದಾರಿಯೋ ಕಟ್ಟಿದೆ ಎಂದರ್ಥ. ಕವಾಟ ತೆಗೆದು ಮ್ಯಾನಿಫೋಲ್ಡಿನ ತೂತನ್ನೂ ನೋಡಬೇಕಾಗುತ್ತದೆ.

ಮೂರನೆಯದು ಎಲ್ಲರೂ ಬಲ್ಲದ್ದು. ಎಂಜಿನ್ನು ನಿಲ್ಲಿಸಿ, ಕವಾಟ ಕಳಚಿ, ಕಿವಿಯ ಬಳಿ ಅಲ್ಲಾಡಿಸುವುದು. ಒಣಗಿದ ಗೋಟಡಿಕೆಯೊಳಗೆ ಕಾಯಿ ಆಡುವಂತೆ ಕಟಕಟ ಸದ್ದು ಬರಬೇಕು. ಬರದಿದ್ದರೆ ಬಿರಡೆ ಅಂಟಿದೆ, ಬದಲಿಸಿರಿ. ಆದರೆ ಸದ್ದು ಬಂದ ಮಾತ್ರಕ್ಕೆ ಕವಾಟ ಸರಿಯಾಗಿದೆಯೆಂದು ಹೇಳಲಾಗದು, ಏಕೆಂದರೆ ಸ್ಪ್ರಿಂಗು ಬಲಗೆಟ್ಟಿದ್ದರೂ ಸದ್ದು ಬರುತ್ತದೆ. ಮೆಕ್ಯಾನಿಕ್ಕುಗಳು ಬಹಳ ಮಂದಿ ಇಲ್ಲಿಗೇ ನಿಲ್ಲುತ್ತಾರೆ. ಇದಕ್ಕಿಂತ ನಂಬಬಹುದಾದ್ದು ಊದುವ ಪರೀಕ್ಷೆ. ಕವಾಟಕ್ಕೆ ಶುದ್ಧವಾದ ಒಂದು ತುಂಡು ಹೋಸು ಸಿಕ್ಕಿಸಿ ಕ್ರ್ಯಾಂಕ್‌ಕೇಸಿನ ಕಡೆಯಿಂದ ಊದಿದರೆ ಗಾಳಿ ಸರಾಗವಾಗಿ ಹೋಗಬೇಕು, ಮ್ಯಾನಿಫೋಲ್ಡಿನ ಕಡೆಯಿಂದ ಊದಿದರೆ ತಡೆಯಬೇಕು. ಊದಿರಿ, ಹೀರಬೇಡಿರಿ. ಒಳಗಿರುವ ಪೆಟ್ರೋಲಿನ ಕೊಳೆ ಎದೆಗೆ ಹೋಗಬಾರದು.

ಹೋಸನ್ನು ಮರೆಯುವಂತಿಲ್ಲ. ನಾವು ನೋಡಿದ ಮಟ್ಟಿಗೆ ಕವಾಟದಷ್ಟೇ ದೋಷ ಹೋಸಿನಲ್ಲಿರುತ್ತದೆ. ಆಯಿಲಿನ ಆವಿಗೆ ರಬ್ಬರು ಒಳಗಡೆ ಊದಿಕೊಳ್ಳುತ್ತದೆ, ಇಲ್ಲವೆ ಮೆತ್ತಗಾಗಿ ಸೆಳೆತಕ್ಕೆ ಚಪ್ಪಟೆಯಾಗುತ್ತದೆ. ಹೊರಗಿನಿಂದ ಹೊಸದರಂತೆ ಕಾಣುವ ಹೋಸು ಒಳಗೆ ಮುಚ್ಚಿರಬಹುದು. ಬಾಗಿದ ಕಡೆಯಲ್ಲಿ ಹಿಂಡಿ ನೋಡಿದರೆ ಬಿರುಕು ಕಾಣುತ್ತದೆ. ಅಲ್ಲಿ ಕಳ್ಳಗಾಳಿ ಒಳಸೇರುತ್ತಿದ್ದರೆ ಎಂಜಿನ್ನು ಓಡುವಾಗ ಸುಯ್ಯೆಂಬ ಸದ್ದು ಕೇಳಿಸುವುದುಂಟು. ಬದಲಿಸುವಾಗ ಆಯಿಲ್ ಮತ್ತು ಪೆಟ್ರೋಲಿನ ಆವಿಯನ್ನು ತಾಳುವ ಹೋಸನ್ನೇ ಕೇಳಿ ತನ್ನಿರಿ. ಸ್ಪ್ರೇಯರಿನ ಹೋಸಿನ ತುಂಡು, ನೀರಿನ ಪೈಪು ಇವು ಕೆಲವೇ ತಿಂಗಳಲ್ಲಿ ಮೆತ್ತಗಾಗುತ್ತವೆ.

ಕವಾಟ ಮುಚ್ಚಿಕೊಂಡರೆ ಆಗುವ ಕೇಡನ್ನು ಮೇಲೆ ಹೇಳಿದೆವು. ಅದಕ್ಕೆ ಇನ್ನೊಂದು ಗುರುತುಂಟು: ದಾರಿ ಕಾಣದ ಅನಿಲ ಶುದ್ಧ ಗಾಳಿಯ ಹೋಸಿನಲ್ಲಿ ಹಿಂದಕ್ಕೆ ನುಗ್ಗಿ ಏರ್ ಫಿಲ್ಟರಿನ ಡಬ್ಬಿಯಲ್ಲಿ ಆಯಿಲ್ ಚೆಲ್ಲುತ್ತದೆ. ತೆರೆದೇ ಅಂಟಿಕೊಂಡರೆ ಕೇಡು ಬೇರೆ ಬಗೆಯದು. ಲೆಕ್ಕಕ್ಕಿಲ್ಲದ ಗಾಳಿ ಒಳಹೋಗಿ ಎಂಜಿನ್ನು ನಿಂತಲ್ಲಿ ನಡುಗುತ್ತದೆ, ಒಮ್ಮೊಮ್ಮೆ ನಿಂತೇ ಹೋಗುತ್ತದೆ, ಆಯಿಲೂ ಅದರೊಡನೆ ಎಳೆದು ಉರಿದು ಖರ್ಚಾಗುತ್ತದೆ. ಇಂಥ ಗಾಡಿಗೆ ಪ್ಲಗ್ಗು ಬದಲಿಸಿ, ಕಾರ್ಬೊರೇಟರ್ ಬಿಚ್ಚಿ, ಐಡ್ಲಿಂಗ್ ಸ್ಕ್ರೂ ತಿರುವಿ ದಿನ ಕಳೆಯುವುದನ್ನು ನೋಡಿದ್ದೇವೆ. ಕವಾಟ ಸರಿಯಿದೆಯೆಂದು ಖಚಿತವಾಗುವವರೆಗೆ ಐಡ್ಲಿಂಗ್ ಸರಿಪಡಿಸಲು ಹೊರಡುವುದು ವ್ಯರ್ಥ.

ಆಯಿಲ್ ಎಳೆಯುತ್ತದೆಂದು ಕೆಲವು ಡ್ರೈವರುಗಳು ಮ್ಯಾನಿಫೋಲ್ಡಿನ ತೂತಿಗೆ ಬಿರಡೆ ಹೊಡೆದು, ಹೋಸನ್ನು ಕೆಳಗೆ ನೇತುಬಿಡುವುದುಂಟು. ಇದು ಅರವತ್ತು ವರ್ಷ ಹಿಂದಕ್ಕೆ ಹೋದಂತೆ. ಸೆಳೆತವಿಲ್ಲದೆ ತೇವವೆಲ್ಲ ಒಳಗೇ ನಿಲ್ಲುತ್ತದೆ. ಆಸನದ ಕೆಳಗೇ ಎಂಜಿನ್ನು ಇರುವ ಓಮ್ನಿಯಂಥ ಗಾಡಿಯಲ್ಲಂತೂ ಈ ಅನಿಲ ಒಳಗೆ ಕೂತವರ ಮೂಗಿಗೇ ಬರುತ್ತದೆ. ಅದರಲ್ಲಿ ಇಂಗಾಲದ ಮಾನಾಕ್ಸೈಡ್ ಇದೆಯೆಂದು ಹೇಳಿದೆವಷ್ಟೆ. ಮಳೆಗೆ ಕಿಟಕಿಯೇರಿಸಿ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ಹೀಗೆ ಮಾಡಿದ್ದರೆ ಈ ದಿನವೇ ಸರಿಪಡಿಸಿರಿ.

ಕವಾಟವನ್ನು ತೊಳೆದು ಮತ್ತೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ಕಾರ್ಬೊರೇಟರ್ ತೊಳೆಯುವ ಸ್ಪ್ರೇಯಿಂದ ತೊಳೆದರೆ ಬಿರಡೆ ಬಿಟ್ಟುಕೊಳ್ಳುವುದು ನಿಜ. ಆದರೆ ಸ್ಪ್ರಿಂಗಿನ ಬಲ ಮರಳಿ ಬರುವುದಿಲ್ಲ. ಪೇಟೆ ದೂರವಿದ್ದು ತುರ್ತಾಗಿದ್ದರೆ ತೊಳೆಯಿರಿ, ಮುಂದಿನ ಸಂತೆಗೆ ಹೊಸದು ತನ್ನಿರಿ. ಗಾತ್ರ ಹೊಂದುತ್ತದೆಂದು ಬೇರೆ ಗಾಡಿಯ ಕವಾಟವನ್ನು ಹಾಕಬಾರದು. ಹೊರಗಿನ ಅಳತೆ ಒಂದೇ ಆದರೂ ಒಳಗಿನ ಸ್ಪ್ರಿಂಗೂ ತೂತೂ ಆಯಾ ಎಂಜಿನ್ನಿಗೆ ಬೇರೆ ಬೇರೆ. ಕಳಚುವಾಗಲೂ ತಾಳ್ಮೆ ಬೇಕು. ಮುಚ್ಚಳದ ರಬ್ಬರ್ ಬಳೆ ಹಳತಾಗಿ ಹಪ್ಪಳದಂತಾಗಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತುಂಡಾಗಿ ಎಂಜಿನ್ನಿನೊಳಗೆ ಬೀಳುತ್ತದೆ. ಆದ್ದರಿಂದ ಹೊಸ ಬಳೆಯನ್ನು ಕೈಯಲ್ಲಿಟ್ಟುಕೊಂಡೇ ಹಳೆಯದಕ್ಕೆ ಕೈ ಹಾಕುವುದು ಲೇಸು. ಕೆಸರು ಹೆಚ್ಚಿದ್ದ ಎಂಜಿನ್ನಿಗೆ ಕವಾಟದೊಡನೆ ಆಯಿಲನ್ನೂ ಆಯಿಲ್ ಫಿಲ್ಟರನ್ನೂ ಬದಲಿಸಬೇಕು, ಇಲ್ಲವಾದರೆ ಹೊಸ ಕವಾಟವೂ ಬೇಗನೆ ಹಳೆಯದರ ಗತಿಗೆ ಬರುತ್ತದೆ.

ಕವಾಟ, ಹೋಸು ಎಲ್ಲವೂ ಸರಿಯಿದ್ದು ಕಾಗದ ಇನ್ನೂ ಕುಣಿಯುತ್ತಿದ್ದರೆ? ಆಗ ಮೆಕ್ಯಾನಿಕ್ಕಿನ ಮಾತಿನಲ್ಲಿ ಹುರುಳಿರಬಹುದು. ಆದರೂ ಎಂಜಿನ್ನು ಇಳಿಸಲು ಒಪ್ಪುವ ಮೊದಲು ಕಂಪ್ರೆಷನ್ ಅಳತೆ ಮಾಡಿಸಿರಿ, ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯಲು ಹೇಳಿರಿ. ಆಯಿಲ್ ಬಿಟ್ಟ ಮೇಲೆ ಅಳತೆ ಏರಿದರೆ ರಿಂಗು ಅಥವಾ ಸಿಲಿಂಡರು ಸವೆದಿದೆ. ಏರದಿದ್ದರೆ ದೋಷ ಮೇಲಿನ ವಾಲ್ವುಗಳಲ್ಲೋ ಹೆಡ್ ಗ್ಯಾಸ್ಕೆಟ್ಟಿನಲ್ಲೋ ಇದ್ದೀತು, ರಿಂಗು ಹಾಕಿಸಿ ಪ್ರಯೋಜನವಿಲ್ಲ. ಅಳತೆಯ ಅಂಕಿಗಳನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿರಿ.

ಡೀಸೆಲ್ ಜೀಪಿನವರು ಈ ಕವಾಟವನ್ನು ಹುಡುಕಿ ಬೇಸತ್ತುಕೊಳ್ಳಬೇಕಾಗಿಲ್ಲ. ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಗಾಳಿಗೆ ತಡೆಯೊಡ್ಡುವ ಥ್ರಾಟಲ್ ಇಲ್ಲ, ಆದ್ದರಿಂದ ಮ್ಯಾನಿಫೋಲ್ಡಿನಲ್ಲಿ ಅಂಥ ಸೆಳೆತವೂ ಇಲ್ಲ, ಈ ಬಗೆಯ ಕವಾಟವೂ ಇಲ್ಲ. ಬರಿಯ ಉಸಿರುಕೊಳವೆಯಿರುತ್ತದೆ. ಅದರ ಬಾಯಿಗೆ ಕೆಸರು ಮೆತ್ತಿದೆಯೇ, ಕಣಜದ ಹುಳು ಗೂಡು ಕಟ್ಟಿದೆಯೇ ನೋಡಿದರೆ ಸಾಕು. ಮುಚ್ಚಳ ತೆಗೆದಾಗ ಸ್ವಲ್ಪ ಹೊಗೆಯಾಡುವುದು ಡೀಸೆಲ್ಲಿಗೆ ಸಹಜ. ಟರ್ಬೊ ಇರುವ ಈಚಿನ ಡೀಸೆಲ್ ಗಾಡಿಗಳಲ್ಲಿ ಆಯಿಲನ್ನು ಬೇರ್ಪಡಿಸುವ ಡಬ್ಬಿಯೊಂದಿದ್ದು, ಅಲ್ಲಿಂದ ಕೊಳವೆ ಟರ್ಬೊದ ಗಾಳಿಬಾಯಿಗೆ ಹೋಗುತ್ತದೆ. ಅದು ಕಟ್ಟಿದರೆ ಕ್ರ್ಯಾಂಕ್‌ಕೇಸಿನ ಒತ್ತಡದಿಂದ ಟರ್ಬೊದ ಆಯಿಲ್ ಕೆಳಕ್ಕೆ ಇಳಿಯಲಾರದೆ ಸೀಲಿನಿಂದ ಸೋರುತ್ತದೆ. ಟರ್ಬೊ ಹೋಯಿತೆಂದು ಹೇಳಿ ದೊಡ್ಡ ಬಿಲ್ಲು ಬರೆಯುವ ಮೊದಲು ಆ ಡಬ್ಬಿಯನ್ನು ಬಿಚ್ಚಿ ತೋರಿಸೆಂದು ಕೇಳುವ ಹಕ್ಕು ಗಾಡಿಯ ಮಾಲೀಕರಿಗಿದೆ.

ಇಷ್ಟನ್ನು ಕೊಯ್ಲಿಗೆ ಮುಂಚೆ, ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಮಾಡಿಕೊಂಡರೆ ಅನುಕೂಲ. ಕವಾಟ ಕೊಳ್ಳಲು ಪೇಟೆಗೆ ಹೋಗುವವರು ಹಳೆಯ ಕವಾಟವನ್ನೂ ಗಾಡಿಯ ಮಾದರಿ, ವರ್ಷ ಮತ್ತು ಎಂಜಿನ್ನಿನ ನಂಬರನ್ನು ಬರೆದ ಚೀಟಿಯನ್ನೂ ಒಯ್ಯಿರಿ. ಹೋಸಿನ ಒಳಗಿನ ಅಳತೆಗೆ ಹಳೆಯ ಹೋಸಿನ ತುದಿಯಿಂದ ಒಂದು ಅಂಗುಲ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡರೆ ಸಾಕು.